ಹೊಸ ಫೋನಲ್ಲಿ ಡೇಟಾ ಮೊದಲೇ ಆನ್ ಇರಬೇಕಾ?

ಪ್ರಶ್ನೆ: ಅಕ್ಕ ನಮಸ್ಕಾರ. ನಾನು ಕಾಪುವಿನವ, ಕೆಲಸ ಬೆಂಗಳೂರಲ್ಲಿ. ಊರಲ್ಲಿ ಅಮ್ಮ ಒಬ್ಬರೇ ಇರೋದು, 71 ವರ್ಷ. ಅವರ ಬಟನ್ ಫೋನ್ ಹಾಳಾಯ್ತು ಅಂತ ಕಳೆದ ತಿಂಗಳು ಬಂದಾಗ ಒಂದು ಸಣ್ಣ ರೇಟಿನ ಸ್ಮಾರ್ಟ್‌ಫೋನ್ ತೆಗೆದುಕೊಟ್ಟೆ. ಅಮ್ಮನಿಗೆ ಮಾತಾಡ್ಲಿಕ್ಕೆ ಮಾತ್ರ ಸಾಕು ಅಂತ ಬರೀ ಕಾಲ್ ಮತ್ತೆ ಎಸ್ಸೆಮ್ಮೆಸ್ ಇರುವ 84 ದಿನದ ಪ್ಯಾಕ್ ಹಾಕಿ, ಎಂತಕ್ಕೂ ಇರ್ಲಿ ಅಂತ 100 ರೂಪಾಯಿಯ ಟಾಪಪ್ಪೂ ಹಾಕಿ ಬಂದೆ. ಮೂರನೇ ದಿನಕ್ಕೆ ಟಾಪಪ್ ಖಾಲಿ. ಅಮ್ಮ ಫೋನ್ ಮಾಡಿ "ನಾನು ಎಂತದೂ ಮುಟ್ಲಿಲ್ಲ ಮಗ" ಅಂತ ಅಳುವ ಹಾಗೆ ಹೇಳಿದ್ರು. ಪಕ್ಕದ ಮನೆ ಹುಡುಗನ ಹತ್ರ ನೋಡ್ಲಿಕ್ಕೆ ಹೇಳಿದ್ರೆ ಡೇಟಾ ಆನ್ ಉಂಟಂತೆ. ನಾವ್ಯಾರೂ ಆನ್ ಮಾಡಿದ್ದಲ್ಲ, ಡಬ್ಬದಿಂದ ತೆಗೆದಾಗಲೇ ಹಾಗೆ. ಇದು ಸರಿಯಾ? ಮೊದಲೇ ಆಫ್ ಇಟ್ಟು ಕೊಟ್ರೆ ಫೋನ್ ಕಂಪನಿಯವರಿಗೆ ಏನು ನಷ್ಟ?

ಉತ್ತರ: ಮೊದಲು ಅಮ್ಮನಿಗೆ ಫೋನ್ ಮಾಡಿ ಹೇಳಿ, ತಪ್ಪು ನಿಮ್ಮದಲ್ಲ ಅಂತ. ನಿಮ್ಮ ಪತ್ರದಲ್ಲಿ ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಆ "ಎಂತದೂ ಮುಟ್ಲಿಲ್ಲ" ಅನ್ನುವ ಮಾತು. ನಮ್ಮ ಹಿರಿಯರು ಹೊಸ ಫೋನ್ ಕೈಗೆ ಬಂದ ಮೇಲೆ ಎಂತ ಆದ್ರೂ ತಮ್ಮಿಂದಲೇ ಆದದ್ದು ಅಂತ ಅಂದುಕೊಳ್ತಾರೆ, ಆಮೇಲೆ ಅದನ್ನು ಮುಟ್ಲಿಕ್ಕೇ ಹೆದರ್ತಾರೆ, ಕಡೆಗೆ ಟಿವಿ ಪಕ್ಕದಲ್ಲಿ ಬಟ್ಟೆ ಸುತ್ತಿ ಇಟ್ಟುಬಿಡ್ತಾರೆ. ನನ್ನ ಚಿಕ್ಕಮ್ಮ ಹಾಗೇ ಮಾಡಿದ್ರು.

ಚಿಕ್ಕಮ್ಮನ ಫೋನ್ ನಾನೇ ಕೂತು ನೋಡಿದ್ದೇನೆ, ಉಡುಪಿಯಲ್ಲಿ ಅವರ ಮನೆ ಜಗಲಿಯಲ್ಲಿ. ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಯೂಸೇಜ್ ಅಂತ ಉಂಟಲ್ಲ, ಅದನ್ನು ಒತ್ತಿದ್ರೆ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಪಟ್ಟಿ ಬರ್ತದೆ. ಚಿಕ್ಕಮ್ಮ ಒಂದು ದಿನವೂ ತೆರೆಯದ ಆ್ಯಪ್‌ಗಳೇ ಮೇಲೆ ಇದ್ದವು. ಎಲ್ಲಕ್ಕಿಂತ ಮೇಲೆ ಇದ್ದದ್ದು ಎಂತ ಗೊತ್ತುಂಟಾ, ಲಾಕ್ ಸ್ಕ್ರೀನಲ್ಲಿ ದಿನಾ ಚಿತ್ರ ಬದಲಾಗ್ತದಲ್ಲ, ಒಮ್ಮೆ ಹಿಮಾಲಯ ಒಮ್ಮೆ ಕಾರು ಒಮ್ಮೆ ಸಿನಿಮಾ ನಟಿ, ಅದು. ಚಿಕ್ಕಮ್ಮ ಅದನ್ನು ಫೋನಿನ ಚಂದ ಅಂದುಕೊಂಡಿದ್ರು. ಅದು ಪ್ರತಿ ಚಿತ್ರವನ್ನೂ ನೆಟ್ಟಿಂದ ಇಳಿಸ್ಕೊಳ್ತಾ ಇತ್ತು, ಜೊತೆಗೆ ಜಾಹೀರಾತು. ಎರಡನೇದು ವಾಟ್ಸಾಪ್, ಕುಟುಂಬದ ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳು. ವಾಟ್ಸಾಪ್ ಬರುವಾಗಲೇ ಮೊಬೈಲ್ ಡೇಟಾದಲ್ಲಿ ಫೋಟೋ ತನ್ನಿಂತಾನೇ ಇಳಿಸುವ ಹಾಗೆ ಇರ್ತದೆ, ವಿಡಿಯೋಗೆ ಮಾತ್ರ ವೈಫೈ ಕಾಯ್ತದೆ.

ನಿಮ್ಮ ಅಮ್ಮನ ಹತ್ರ ಡೇಟಾ ಪ್ಯಾಕೇ ಇಲ್ಲ. ಪ್ಯಾಕ್ ಇಲ್ಲದೆ ಡೇಟಾ ಸ್ವಿಚ್ ಆನ್ ಇದ್ದು, ಮೇನ್ ಬ್ಯಾಲೆನ್ಸಲ್ಲಿ ದುಡ್ಡೂ ಇದ್ರೆ, ಎಂಬಿ ಲೆಕ್ಕದಲ್ಲಿ ಅದರಿಂದಲೇ ಕಟ್ ಆಗುವ ಸಾಧ್ಯತೆ ಉಂಟು, ಆ ರೇಟು ಪ್ಯಾಕಿನ ರೇಟಿನ ಹಾಗೆ ಕಮ್ಮಿ ಇರೋದಿಲ್ಲ. 100 ರೂಪಾಯಿ ಟಾಪಪ್ ಹಾಕಿದ್ರೆ ಟ್ಯಾಕ್ಸ್ ಅದು ಇದು ಕಳೆದು ಕೈಗೆ ಸಿಗೋದೇ 80 ಚಿಲ್ಲರೆ, ಹೊಸ ಫೋನು ಮೊದಲ ದಿನ ಮಾಡುವ ಅಪ್‌ಡೇಟಿಗೇ ಅದು ಸಾಕಾಗೋದಿಲ್ಲ. 2025ರ ಜನವರಿಯಿಂದ ಈ ಕಾಲ್ ಮಾತ್ರದ ಪ್ಯಾಕ್‌ಗಳು ಬಂದದ್ದು, ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ 2024ರ ಡಿಸೆಂಬರಲ್ಲಿ ಸಿಮ್ ಕಂಪನಿಗಳಿಗೆ ಕಡ್ಡಾಯ ಮಾಡಿದ ಮೇಲೆ. ನೆಟ್ ಬೇಡದವರು ನೆಟ್ಟಿಗೆ ಯಾಕೆ ದುಡ್ಡು ಕೊಡ್ಬೇಕು ಅನ್ನೋದು ಅದರ ಉದ್ದೇಶ, ತುಂಬಾ ಒಳ್ಳೇದೇ. ಆದ್ರೆ ಪ್ಯಾಕ್ ಬದಲಾಯ್ತು, ಫೋನ್ ಬದಲಾಗ್ಲಿಲ್ಲ. ಫೋನು ಈಗ್ಲೂ ಎಲ್ಲರ ಹತ್ರವೂ ದಿನಕ್ಕೆ 2 ಜಿಬಿ ಉಂಟು ಅಂದುಕೊಂಡೇ ಶುರುವಾಗ್ತದೆ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಆನ್ ಇಟ್ಟು ಕೊಡೋದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಸುಮ್ಮನೆ ಆಫ್ ಇಟ್ಟು ಬಾಯಿ ಮುಚ್ಚಿ ಕೂರೋದೂ ಸರಿಯಲ್ಲ. ಸಿಮ್ ಹಾಕಿದ ಕೂಡ್ಲೇ ಫೋನ್ ಕೇಳ್ಬೇಕು, ಕನ್ನಡ ಆರಿಸಿದವರಿಗೆ ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ: ಈ ಸಿಮ್ಮಿನಲ್ಲಿ ಇಂಟರ್ನೆಟ್ ಬಳಸ್ತೀರಾ, ದುಡ್ಡು ಹೋಗಬಹುದು, ಹೌದಾ ಬೇಡ್ವಾ. ಉತ್ತರ ಕೊಡುವ ತನಕ ಆಫ್. ಇಷ್ಟೇ. ಇದು ಆಗದ ಕೆಲಸ ಅಲ್ಲ, ಯಾಕಂದ್ರೆ ಇದೇ ಫೋನುಗಳು ರೋಮಿಂಗ್ ಡೇಟಾವನ್ನು ಆಫ್ ಇಟ್ಟೇ ಕೊಡ್ತವೆ, ಆಂಡ್ರಾಯ್ಡ್ ಆಗ್ಲಿ ಐಫೋನ್ ಆಗ್ಲಿ. ಬೇರೆ ದೇಶಕ್ಕೆ ಹೋದವನ ಬಿಲ್ಲು ಏರಬಾರದು ಅಂತ ಯೋಚನೆ ಮಾಡ್ಲಿಕ್ಕೆ ಬರ್ತದೆ ಅಂದ್ಮೇಲೆ ಕಾಪುವಿನಲ್ಲಿ ಮನೆಯಲ್ಲೇ ಕೂತ ಅಮ್ಮನ 80 ರೂಪಾಯಿ ಬಗ್ಗೆಯೂ ಯೋಚನೆ ಮಾಡ್ಲಿಕ್ಕೆ ಬರಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗ್ರಾಹಕರು ಸ್ಪಷ್ಟವಾಗಿ ಒಪ್ಪದೆ ಡೇಟಾ ಸೇವೆ ಶುರು ಮಾಡಬಾರದು ಅಂತ ಟ್ರಾಯ್ 2015ರಲ್ಲೇ ನಿಯಮ ಮಾಡಿತ್ತು, ಅದಕ್ಕೆ 1925 ಅಂತ ಒಂದು ಉಚಿತ ನಂಬರ್ ಕೂಡ. ಆ ನಂಬರಿಗೆ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾಪ್ ಅಂತ ಎಸ್ಸೆಮ್ಮೆಸ್ ಕಳಿಸಿದ್ರೆ ಸಿಮ್ ಕಂಪನಿ ಕಡೆಯಿಂದಲೇ ಡೇಟಾ ನಿಲ್ಲಿಸ್ಬೇಕು, ಸ್ಟಾರ್ಟ್ ಅಂತ ಕಳಿಸಿದ್ರೆ ಮತ್ತೆ ಶುರು. ಫೋನಿನ ಸ್ವಿಚ್ಚು ಕೈ ತಾಗಿ ಆನ್ ಆಗಬಹುದು, ಮೊಮ್ಮಗ ಬಂದು ಆನ್ ಮಾಡಿ ಹೋಗಬಹುದು, ಆದ್ರೆ ಕಂಪನಿ ಕಡೆ ನಿಂತಿದ್ರೆ ಫೋನಲ್ಲಿ ಎಂತ ಒತ್ತಿದ್ರೂ ದುಡ್ಡು ಹೋಗೋದಿಲ್ಲ. ನಿಮ್ಮ ಅಮ್ಮನ ನಂಬರಿಂದ ಇದನ್ನು ಮಾಡಿಸಿ. ಪಕ್ಕದ ಮನೆ ಹುಡುಗ ಉಂಟಲ್ಲ, ಐದು ನಿಮಿಷದ ಕೆಲಸ.

ಆಮೇಲೆ ಆ ಟಾಪಪ್ ಇನ್ನು ಹಾಕ್ಬೇಡಿ. ಕಾಲ್ ಪ್ಯಾಕಲ್ಲೇ ಕಾಲೂ ಎಸ್ಸೆಮ್ಮೆಸ್ಸೂ ಉಂಟು, ಮೇನ್ ಬ್ಯಾಲೆನ್ಸ್ ಸೊನ್ನೆ ಇದ್ರೆ ಕಟ್ ಆಗ್ಲಿಕ್ಕೂ ಎಂತದೂ ಇರೋದಿಲ್ಲ.

ಪ್ರಶ್ನೆ: ನನ್ನದು ಮಂಗಳೂರು ಹಂಪನಕಟ್ಟೆ ಹತ್ರ ಮೊಬೈಲ್ ಅಂಗಡಿ. ನಿಮ್ಮ ಹಾಗೆ ಆಫ್ ಇರ್ಲಿ ಅನ್ನುವವರು ಒಂದು ದಿನ ನನ್ನ ಕೌಂಟರಲ್ಲಿ ನಿಲ್ಲಬೇಕು ಮೇಡಂ. ಡೇಟಾ ಆಫ್ ಇದ್ದ ಫೋನ್ ಕೊಟ್ರೆ ಸಂಜೆಗೆ ವಾಪಸ್ ಬರ್ತಾರೆ, ಫೋನ್ ಸರಿ ಇಲ್ಲ, ವಾಟ್ಸಾಪ್ ಓಪನ್ ಆಗೋದಿಲ್ಲ, ಬದಲಿಸಿ ಕೊಡಿ ಅಂತ ಜಗಳ. ದೂರದಿಂದ ಎರಡು ಬಸ್ ಬದಲಾಯಿಸಿ ಬಂದವರಿಗೆ ಒಂದು ಸ್ವಿಚ್ ಒತ್ತಿ ಕಳಿಸ್ಬೇಕು. ಹತ್ತರಲ್ಲಿ ಒಂಬತ್ತು ಜನಕ್ಕೆ ನೆಟ್ ಬೇಕೇ ಬೇಕು. ಒಬ್ಬರಿಗೋಸ್ಕರ ಒಂಬತ್ತು ಜನಕ್ಕೆ ಕಷ್ಟ ಕೊಡೋದಾ?

ಉತ್ತರ: ನಿಮ್ಮ ಮಾತನ್ನು ನಾನು ತಳ್ಳಿ ಹಾಕೋದಿಲ್ಲ. ಎರಡು ಬಸ್ ಹತ್ತಿ ಬರುವ ಕಷ್ಟ ನನಗೆ ಗೊತ್ತುಂಟು. ಮಳೆಗಾಲದ್ದೂ ಉಂಟು, ಅದನ್ನು ನೀವು ಬರೀಲಿಲ್ಲ, ನಾನೇ ಹೇಳ್ತೇನೆ. ಜೂನ್ ಜುಲೈಯಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ರಾತ್ರಿಯಿಡೀ ಸುರಿದ್ರೆ, ಡೀಸಿ ಶಾಲೆಗೆ ರಜೆ ಕೊಟ್ರಾ ಇಲ್ವಾ ಅಂತ ಅಮ್ಮಂದಿರು ಬೆಳಿಗ್ಗೆ ಐದೂವರೆಗೇ ಫೋನ್ ಹಿಡಿದು ಕೂತಿರ್ತಾರೆ, ಕರೆಂಟ್ ಹೋಗಿ ವೈಫೈ ಸತ್ತಿರ್ತದೆ, ಆಗ ಮೊಬೈಲ್ ಡೇಟಾ ಒಂದೇ ದಾರಿ. ಆ ಹೊತ್ತಲ್ಲಿ ಡೇಟಾ ಆಫ್ ಇದ್ದು, ಎಲ್ಲಿ ಆನ್ ಮಾಡೋದು ಅಂತ ಗೊತ್ತಿಲ್ಲದೆ ಮಗುವನ್ನು ಆ ಮಳೆಯಲ್ಲಿ ಬಸ್‌ಸ್ಟಾಪಿಗೆ ಕಳಿಸಿದ್ರೆ ಅದೂ ನಷ್ಟವೇ. ಫೋನ್ ಕಳೆದುಹೋದ್ರೂ ಹಾಗೇ, ನೆಟ್ ಇಲ್ಲದ ಫೋನು ಈಗ ಎಲ್ಲುಂಟು ಅಂತ ಮ್ಯಾಪಲ್ಲಿ ಹುಡುಕೋದು ಕಷ್ಟ.

ಆದ್ರೆ ನಾನು ಹೇಳಿದ್ದು ಅಡಗಿಸಿ ಇಡಿ ಅಂತಲ್ಲ, ಕೇಳಿ ಅಂತ. ಕೇಳಿದ್ರೆ ನಿಮ್ಮ ಒಂಬತ್ತು ಜನ ಅಲ್ಲೇ "ಹೌದು" ಒತ್ತಿ ಹೋಗ್ತಾರೆ, ಸಂಜೆ ವಾಪಸ್ ಬರೋದಿಲ್ಲ. ಹತ್ತನೆಯವರು "ಬೇಡ" ಒತ್ತಿದ್ರೆ ಬೇಡ ಅಂತ ಗೊತ್ತಿದ್ದೇ ಒತ್ತಿರ್ತಾರೆ. ಮತ್ತೆ ಆ ಒಂಬತ್ತು ಜನಕ್ಕೂ ಬೇಕಾದ್ದು ವಾಟ್ಸಾಪು, ಗೂಗಲ್ ಪೇ, ಒಂದಿಷ್ಟು ಯಕ್ಷಗಾನದ ಲೈವ್. ಲಾಕ್ ಸ್ಕ್ರೀನಿನ ಜಾಹೀರಾತು ಅವರೂ ಕೇಳಿದ್ದಲ್ಲ. ಬೆಳಿಗ್ಗೆ ಹತ್ತಕ್ಕೇ ದಿನದ ಕೋಟಾ ಮುಗಿದು ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿದು, ಮೀನು ಮಾರ್ಕೆಟಲ್ಲಿ ಬಂಗುಡೆ ಚೀಲಕ್ಕೆ ಹಾಕ್ಸಿ ಆದ ಮೇಲೆ ಕ್ಯೂಆರ್ ಸ್ಕ್ಯಾನ್ ತಿರುಗ್ತಾ ನಿಲ್ತದಲ್ಲ, ಆಗ ಮೀನಿನವರ ಮುಖ ನೋಡ್ಲಿಕ್ಕೆ ಆಗೋದಿಲ್ಲ. ಹಾಗಾಗಿ ಒಂದು ದೊಡ್ಡ ಸ್ವಿಚ್ಚಿನ ಮಾತಷ್ಟೇ ಅಲ್ಲ ಇದು, ಆ ಸ್ವಿಚ್ಚಿನ ಹಿಂದೆ ಯಾರ್ಯಾರು ಸಾಲು ನಿಂತಿದ್ದಾರೆ ಅನ್ನೋದೂ ಉಂಟು.

ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಫೋನ್ ಕಂಪನಿಗಳು ಬದಲಾಗುವ ತನಕ ಆ ಪ್ರಶ್ನೆ ಕೇಳುವ ಜಾಗದಲ್ಲಿ ಇರೋದು ನೀವೇ. ಸ್ಕ್ರೀನ್ ಗಾರ್ಡ್ ಅಂಟಿಸುವಾಗ "ಅಮ್ಮಾ, ನೆಟ್ ಪ್ಯಾಕ್ ಉಂಟಾ ನಿಮ್ಮದು?" ಅಂತ ಒಂದು ಮಾತು ಕೇಳಿ. ಉಂಟು ಅಂದ್ರೆ ಡೇಟಾ ಸೇವರ್ ಆನ್ ಮಾಡಿ ಕೊಡಿ, 2016ರ ಆಂಡ್ರಾಯ್ಡ್ 7ರಿಂದಲೇ ಅದು ಫೋನಲ್ಲಿ ಉಂಟು, ತೆರೆಯದ ಆ್ಯಪ್‌ಗಳು ಹಿಂದಿನಿಂದ ಡೇಟಾ ತಿನ್ನೋದು ಅದರಲ್ಲಿ ನಿಲ್ತದೆ, ವಾಟ್ಸಾಪನ್ನು ಮಾತ್ರ ಅದರಿಂದ ಹೊರಗಿಡಬಹುದು, ಮೆಸೇಜ್ ತಡವಾಗದ ಹಾಗೆ. ಇಲ್ಲ ಅಂದ್ರೆ ಅವರ ಎದುರೇ ಆಫ್ ಮಾಡಿ, ಮೇಲಿಂದ ಕೆಳಗೆ ಹೇಗೆ ಎಳೆಯೋದು, ಯಾವುದನ್ನು ಒತ್ತೋದು ಅಂತ ಅವರ ಬೆರಳಲ್ಲೇ ಎರಡು ಸಲ ಮಾಡಿಸಿ. ಹಾಗೆ ಮಾಡುವ ಅಂಗಡಿಗೆ ಜನ ಮತ್ತೆ ಮತ್ತೆ ಬರ್ತಾರೆ.

ಪ್ರಶ್ನೆ: ಡೇಟಾ ಆಫ್ ಇಟ್ರೆ ಕಾಲ್ ಬರೋದಿಲ್ಲ, ಒಟಿಪಿ ಬರೋದಿಲ್ಲ ಅಂತ ನಮ್ಮ ಪಿಜಿಯಲ್ಲಿ ಎಲ್ಲರೂ ಹೇಳ್ತಾರೆ. 4ಜಿ ಸಿಮ್ಮಲ್ಲಿ ಕಾಲೂ ನೆಟ್ಟಲ್ಲೇ ಹೋಗೋದಲ್ವಾ? (ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಅರ್ಧ ಸರಿ, ಅರ್ಧ ತಪ್ಪು. 4ಜಿಯಲ್ಲಿ ಕಾಲ್ ವೋಲ್ಟಿ (VoLTE) ಅಂತ 4ಜಿ ನೆಟ್‌ವರ್ಕಿನಲ್ಲೇ ಮಾತು ಕಳಿಸುವ ವಿಧಾನದಲ್ಲಿ ಹೋಗ್ತದೆ, ಅದೂ ಡೇಟಾದ ರೂಪದಲ್ಲೇ ಹರಿಯೋದು ನಿಜ. ಆದ್ರೆ ಅದಕ್ಕೆ ಕಂಪನಿಯವರು ಬೇರೆಯೇ ದಾರಿ ಇಟ್ಟಿದ್ದಾರೆ, ನೀವು ಆನ್ ಆಫ್ ಮಾಡುವ ಸ್ವಿಚ್ಚಿಗೂ ಆ ದಾರಿಗೂ ಸಂಬಂಧ ಇಲ್ಲ. ಆಫ್ ಇದ್ರೂ ಕಾಲ್ ಬರ್ತದೆ ಹೋಗ್ತದೆ. ಒಟಿಪಿ ಎಸ್ಸೆಮ್ಮೆಸ್ಸಲ್ಲಿ ಬರೋದು, ಅದಕ್ಕೂ ನೆಟ್ ಬೇಡ. ತುರ್ತು ನಂಬರ್ 112ಕ್ಕೆ ಕಾಲ್ ಮಾಡ್ಲಿಕ್ಕೂ ಬೇಡ. 2023ರಲ್ಲಿ ಎಲ್ಲರ ಫೋನೂ ಒಟ್ಟಿಗೆ ಜೋರಾಗಿ ಕೂಗಿ ಸರ್ಕಾರದ ಪರೀಕ್ಷಾ ಸಂದೇಶ ಬಂದದ್ದು ನೆನಪುಂಟಾ, ಆ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಕೂಡ ಟವರಿಂದ ನೇರ ಬರೋದು, ಡೇಟಾ ಆಫ್ ಇದ್ರೂ ಬರ್ತದೆ. ಸಣ್ಣ ಮೊತ್ತದ ಪೇಮೆಂಟಿಗೆ ನೆಟ್ ಇಲ್ಲದ ದಾರಿ ಕೂಡ ಉಂಟು, ಬಟನ್ ಫೋನಿನವರಿಗೆ ಅಂತ 2022ರ ಮಾರ್ಚಲ್ಲಿ ಯುಪಿಐ 123ಪೇ ಶುರು ಮಾಡಿದ್ರು, *99# ಒತ್ತಿ ದುಡ್ಡು ಕಳಿಸುವ ದಾರಿ ಅದಕ್ಕಿಂತ ಮೊದಲಿಂದಲೂ ಉಂಟು, ಬ್ಯಾಂಕಿಗೆ ಲಿಂಕ್ ಆದ ನಂಬರ್ ಬೇಕು.

ಒಂದು ಮಾತು, ಪಿಜಿಯಲ್ಲಿ ವೈಫೈ ಉಂಟು ಅಂತ ಧೈರ್ಯದಲ್ಲಿರುವ ಐಫೋನಿನವರಿಗೆ. 2015ರ ಐಒಎಸ್ 9ರಿಂದ ವೈಫೈ ಅಸಿಸ್ಟ್ ಅಂತ ಒಂದುಂಟು, ಅದೂ ಬರುವಾಗಲೇ ಆನ್. ವೈಫೈ ವೀಕ್ ಆದ್ರೆ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರ್ತದೆ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆ ದಾಟುವಾಗ ವೈಫೈ ವೀಕ್ ಆಗ್ಲಿಕ್ಕೆ ಹೆಚ್ಚು ದೂರ ಬೇಡ. ಮೊಬೈಲ್ ಡೇಟಾ ಪುಟದ ಕಟ್ಟ ಕಡೆಗೆ ಉಂಟು ಅದು, ಆಫ್ ಮಾಡಿ.

ಪ್ರಶ್ನೆ: ಅತ್ತಿಗೆ ಬಾಣಂತನಕ್ಕೆ ಅಂತ ನನ್ನ ಅಮ್ಮ ಬಜ್ಪೆಯಿಂದ ದುಬೈಗೆ ಹೋಗ್ತಾ ಇದ್ದಾರೆ, ಮೊದಲ ವಿಮಾನ ಪ್ರಯಾಣ. ಫೋನಲ್ಲಿ ಎರಡು ಸಿಮ್ ಉಂಟು. ಡೇಟಾದ್ದು ಎಂತ ಮಾಡಿ ಕಳಿಸ್ಬೇಕು?

ಉತ್ತರ: ರೋಮಿಂಗ್ ಡೇಟಾ ಆಫ್ ಇದೆಯಾ ಅಂತ ಎರಡೂ ಸಿಮ್ಮಿಗೆ ಬೇರೆ ಬೇರೆ ನೋಡಿ. ಮೊದಲೇ ಆಫ್ ಇರ್ತದೆ ಅಂತ ನಾನೇ ಮೇಲೆ ಬರ್ದಿದ್ದೇನೆ, ಆದ್ರೂ ಮನೆಯಲ್ಲಿ ಯಾರಾದ್ರೂ ಯಾವಾಗಾದ್ರೂ ಮುಟ್ಟಿರ್ತಾರೆ. ಎರಡು ಸಿಮ್ಮಿನ ಕೆಲವು ಫೋನಲ್ಲಿ ಒಂದರಲ್ಲಿ ನೆಟ್ ಇಲ್ಲದಿದ್ರೆ ಇನ್ನೊಂದಕ್ಕೆ ತಾನೇ ಬದಲಾಗುವ ಆಪ್ಷನ್ ಇರ್ತದೆ, ಅದನ್ನು ಕಡ್ಡಾಯ ಆಫ್ ಮಾಡಿ, ನನ್ನ ಮೇನ್ ಬ್ಯಾಲೆನ್ಸ್ ಒಮ್ಮೆ ಖಾಲಿ ಆದದ್ದು ಅದರಿಂದಲೇ, ಊರಲ್ಲೇ ಇದ್ದು. ಬ್ಯಾಂಕಿನ ಒಟಿಪಿ ಅಲ್ಲಿ ಬೇಕಾದ್ರೆ ಆ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹೊರಡುವ ಮೊದಲೇ ಮಾಡಿಸಿ, ಡೇಟಾ ಬೇರೆ ಅದು ಬೇರೆ. ಮನೆಗೆ ಮುಟ್ಟಿದ ಮೇಲೆ ಅಣ್ಣನ ವೈಫೈ ಉಂಟು, ಫೋಟೋ ಅದರಲ್ಲೇ ಬರ್ತದೆ. ಇಳಿದ ಕೂಡ್ಲೇ ಒಂದು ಕಾಲ್ ಮಾಡ್ಲಿಕ್ಕೆ ಅಣ್ಣನ ದುಬೈ ನಂಬರನ್ನು ಫೋನಲ್ಲೂ ಸೇವ್ ಮಾಡಿ, ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟ್ ಒಳಗೆ ಇಡಿ, ಚಾರ್ಜ್ ಮುಗಿದ್ರೆ ಚೀಟಿಯೇ ಆಗೋದು.