ಓದುಗರ ಪ್ರಶ್ನೆ: ಹೊಡೆದಾಟ ಇಲ್ಲದ ಗ್ಯಾಂಗ್ ಚಿತ್ರ

ಪ್ರಶ್ನೆ: ನಮ್ಮ ಕಾಲೇಜಿನಾಗ ಷಿಕಾಗೊ ಗ್ಯಾಂಗುಗಳ ಬಗ್ಗೆ ಇರೋ ಸಾಕ್ಷ್ಯಚಿತ್ರ ‘ದಿ ಇಂಟರಪ್ಟರ್ಸ್’ ತೋರಿಸಿದ್ವಿ. ಹುಡುಗರು ‘ಬರೀ ಮಾತು, ಹೊಡೆದಾಟನೇ ಇಲ್ಲ’ ಅಂದ್ರು. ವಿಮರ್ಶಕರು ಮಾತ್ರ ಬಾಳ ಹೊಗಳ್ಯಾರ. ಹಂಗಿದ್ರ ಆಸ್ಕರ್ ಪಟ್ಟಿಗೆ ಯಾಕ ಬರಲಿಲ್ಲ? ವಾರ್ಷಿಕ ಸಂಚಿಕೆಗೆ ವಿಮರ್ಶೆ ಹ್ಯಾಂಗ ಬರೀಬೇಕು?
– ಉಪನ್ಯಾಸಕರು, ಕಲಬುರಗಿ

ಉತ್ತರ: ಹುಡುಗರು ದೂರಿದ್ದನ್ನೇ ವಿಮರ್ಶಕರು ಮೆಚ್ಚಿದ್ದು. ಸ್ಟೀವ್ ಜೇಮ್ಸ್ ಅವರ ಈ ಚಿತ್ರದಲ್ಲಿ (2011) ಹಾರದೆ ಉಳಿದ ಗುಂಡೇ ಕಥೆ. ಬೀದಿ ಹಿಂಸೆ ತಡೆಯುವ ಸೀಸ್‌ಫೈರ್ ಸಂಸ್ಥೆ ಕಟ್ಟಿದ ಗ್ಯಾರಿ ಸ್ಲಟ್ಕಿನ್ ಸಾಂಕ್ರಾಮಿಕ ರೋಗಗಳ ತಜ್ಞರು. ಹಿಂಸೆಯೂ ಕಾಲರಾದಂತೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಆ ಕೊಂಡಿ ಕಡಿಯಬೇಕು ಎಂಬುದು ಅವರ ವಾದ. ಜಗಳ ಗುಂಡಿಗೆ ತಿರುಗುವ ಮೊದಲೇ ನಡುವೆ ಹೋಗಿ ತಡೆಯುವ ಸಂಸ್ಥೆಯ ಕಾರ್ಯಕರ್ತರೇ ‘ಇಂಟರಪ್ಟರ್ಸ್’.

ಕ್ಷೌರದಂಗಡಿಯ ದೃಶ್ಯವನ್ನು ಇನ್ನೊಮ್ಮೆ ಹಾಕಿ ತೋರಿಸಿ. ದರೋಡೆ ಮಾಡಿ ಜೈಲು ಕಂಡು ಬಂದ ಯುವಕ ಅದೇ ಅಂಗಡಿಗೆ ಕ್ಷಮೆ ಕೇಳಲು ಹೋಗುತ್ತಾನೆ. ಅಂದು ಮಕ್ಕಳ ಜೊತೆ ಅಲ್ಲಿದ್ದ ತಾಯಿ ‘ಹೋಗ್ಲಿ ಬಿಡಪ್ಪ’ ಎಂದು ಮುಗಿಸುವುದಿಲ್ಲ. ಆ ದಿನ ಎಷ್ಟು ಹೆದರಿದ್ದೆವು ಎಂದು ಎದುರಿಗೇ ಹೇಳುತ್ತಾರೆ. ಅವನು ತಲೆತಗ್ಗಿಸಿ ಕೇಳಬೇಕು. ಹೊಡೆದಾಟ ಅಂದರೆ ಇದೇ, ನನ್ನ ಪ್ರಕಾರ.

ಆಸ್ಕರ್ ವಿಚಾರ: 2011ರ ಕೊನೆಯಲ್ಲಿ ಬಂದ 15 ಚಿತ್ರಗಳ ಮೊದಲ ಪಟ್ಟಿಯಲ್ಲೇ ಇದು ಇರಲಿಲ್ಲ. ಆಗೆಲ್ಲ ಸಣ್ಣ ಸಣ್ಣ ಸಮಿತಿಗಳು ಚಿತ್ರಗಳನ್ನು ಹಂಚಿಕೊಂಡು ನೋಡಿ ಅಂಕ ಹಾಕುತ್ತಿದ್ದವು. ಒಂದಿಬ್ಬರು ತೀರಾ ಕಡಿಮೆ ಹಾಕಿದರೂ ಚಿತ್ರ ಕೆಳಗೆ ಜಾರುತ್ತಿತ್ತು. ಜೇಮ್ಸ್ ಅವರ ‘ಹೂಪ್ ಡ್ರೀಮ್ಸ್’ಗೂ (1994) ಸಾಕ್ಷ್ಯಚಿತ್ರ ವಿಭಾಗದಲ್ಲಿ ಇದೇ ಗತಿಯಾಗಿ ದೊಡ್ಡ ಗಲಾಟೆ ಎದ್ದಿತ್ತು. ‘ಇಂಟರಪ್ಟರ್ಸ್’ಗೆ 2012ರಲ್ಲಿ, ಸ್ವತಂತ್ರ ಚಿತ್ರಗಳಿಗೆ ಕೊಡುವ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಬಂತು.

ಇನ್ನು ವಿಮರ್ಶೆ. 400 ಪದಗಳಿದ್ದರೆ ಕಥೆಗೆ 80 ಸಾಕು. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ಮುಕ್ಕಾಲು ಪುಟ ಸಾರಾಂಶ, ಕೊನೆಗೆ ‘ಎಲ್ಲರೂ ನೋಡಲೇಬೇಕು’. ಅದರ ಬದಲು ಎರಡು ದೃಶ್ಯ ಹಿಡಿಯಿರಿ. ಯಾರು ಎಷ್ಟು ಹೊತ್ತು ಮಾತಾಡಿದರು, ಕ್ಯಾಮೆರಾ ಯಾರ ಮುಖದ ಮೇಲೆ ನಿಂತಿತ್ತು ಎಂದು ನಿಮಿಷ ಸಮೇತ ಬರೆದುಕೊಳ್ಳಿ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಎರಡೂವರೆ ಗಂಟೆ ಮೀರಿದ್ದ ಚಿತ್ರವನ್ನು ಆಮೇಲೆ ಸುಮಾರು ಎರಡು ಗಂಟೆಗೆ ಇಳಿಸಿದರು, ಉಳಿದದ್ದೆಲ್ಲ ಬೇಕೆಂದೇ ಉಳಿಸಿಕೊಂಡದ್ದು. ಕೊರತೆಯನ್ನೂ ಬರೆಯಿರಿ: ಪೊಲೀಸರ ಮಾತು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಈ ವಿಧಾನ ನಿಜಕ್ಕೂ ಫಲಿಸಿತೇ ಎಂದು ಚಿತ್ರ ಒರೆಗೆ ಹಚ್ಚುವುದಿಲ್ಲ.

ಶೀರ್ಷಿಕೆಯನ್ನು ‘ಪಂಚರು’ ಎಂದು ಅನುವಾದಿಸಬೇಡಿ. ಪಂಚರು ತೀರ್ಪು ಕೊಡುತ್ತಾರೆ. ಈ ಕಾರ್ಯಕರ್ತರು ಯಾರ ಕಡೆ ನ್ಯಾಯ ಎಂದು ಹೇಳುವವರಲ್ಲ. ನಿಮ್ಮ ಕಡೆಯ ‘ಜಗಳ ಬಿಡಸೋರು’ ಸರಿಹೋಗುತ್ತದೆ.