ರಾಕ್‌ವೂಲ್‌ನಲ್ಲಿ ಬೇರು ಕಂದಾಗಿದೆ, ಮಧ್ಯಾಹ್ನ ಗಿಡ ಬಾಡುತ್ತಿದೆ. ನೀರು ಜಾಸ್ತಿ ಮಾಡಬೇಕಾ?

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಮೈಸೂರಿನಲ್ಲಿ ತಾರಸಿ ಮೇಲೆ ಪಿವಿಸಿ ಪೈಪಿನಲ್ಲಿ ಎನ್‌ಎಫ್‌ಟಿ (ಮಣ್ಣಿಲ್ಲದೆ, ತೆಳುವಾಗಿ ಹರಿಯುವ ಗೊಬ್ಬರದ ನೀರಿನಲ್ಲಿ ಬೆಳೆಯುವ ಪದ್ಧತಿ) ಮಾಡಿದ್ದೀರಿ. ಲೆಟ್ಯೂಸ್, ಪಾಲಕ್ ಸಸಿಗಳನ್ನು ರಾಕ್‌ವೂಲ್ ಕ್ಯೂಬ್‌ನಲ್ಲಿ (ಕಲ್ಲಿನ ನೂಲಿನ ಚೌಕ ತುಂಡಿನಲ್ಲಿ) ಎಬ್ಬಿಸಿ ಪೈಪಿಗೆ ಕೂರಿಸಿದ್ದೀರಿ. ಏಪ್ರಿಲ್ ಬಿಸಿಲು ಶುರುವಾದ ಮೇಲೆ ಬೇರು ಕಂದಾಗಿ ಮಧ್ಯಾಹ್ನ ಎಲೆ ಬಾಡುತ್ತಿದೆ. ನೀರು ಜಾಸ್ತಿ ಬಿಡಬೇಕಾ, ಕಂದಾದ ಬೇರು ಕತ್ತರಿಸಬೇಕಾ, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕಾ, ಮುಂದೆ ಟೊಮೆಟೊವನ್ನೂ ಇದೇ ಪೈಪಿನಲ್ಲಿ ಬೆಳೆಯಬಹುದಾ ಅಂತ ಕೇಳಿದ್ದೀರಿ.

ನೀರು ಜಾಸ್ತಿ ಮಾಡಬೇಡಿ. ಮೊದಲು ಒಂದು ಥರ್ಮಾಮೀಟರ್ ತಂದು ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಟ್ಯಾಂಕಿನ ನೀರಿಗೆ ಇಳಿಬಿಡಿ. ಪೈಪಿನ ಕೊನೆಯಿಂದ ಟ್ಯಾಂಕಿಗೆ ವಾಪಸ್ ಬೀಳುವ ನೀರನ್ನೂ ಅಳೆಯಿರಿ. 30 ಡಿಗ್ರಿ ಹತ್ತಿರ ಇದ್ದರೆ ನಿಮ್ಮ ಗಿಡಕ್ಕೆ ಬಾಯಾರಿಕೆ ಆಗಿಲ್ಲ, ಬೇರಿಗೆ ಉಸಿರು ಕಟ್ಟಿದೆ. ನಾನು ಶ್ರೀರಂಗಪಟ್ಟಣದ ಹತ್ತಿರ ಚಿಕ್ಕ ಪಾಲಿಹೌಸ್‌ನಲ್ಲಿ ಸೊಪ್ಪು, ಟೊಮೆಟೊ ಬೆಳೆಯುತ್ತೇನೆ. ನಮ್ಮ ಕಡೆ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದ ಬೇಸಾಯ) ಕೆಡುವುದಕ್ಕೆ ಗೊಬ್ಬರಕ್ಕಿಂತ ದೊಡ್ಡ ಕಾರಣ ಈ ಬಿಸಿ ನೀರು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ನೋಡಿ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿ ಆದಾಗ ಸುಮಾರು ಏಳೂವರೆ. ಇದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ನೀರು ಹತ್ತು ಡಿಗ್ರಿ ಬಿಸಿಯಾದರೆ ಬೇರು ಉಸಿರಾಡುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬೇಕಾಗಿದ್ದು ಎರಡರಷ್ಟು, ಸಿಗುವುದು ಮೊದಲಿಗಿಂತ ಕಡಿಮೆ. ಉಸಿರು ಸಾಲದ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಅದಕ್ಕೇ ಕಾಲಡಿ ನೀರು ಹರಿಯುತ್ತಿದ್ದರೂ ಎಲೆ ಬಾಡುವುದು. ಬಾಡಿತು ಅಂತ ಇನ್ನಷ್ಟು ನೀರು ಬಿಟ್ಟರೆ ಬೇರಿಗೆ ತಾಕುತ್ತಿದ್ದ ಗಾಳಿಯೂ ಹೋಗುತ್ತದೆ.

ಮಂಡ್ಯದ ಗದ್ದೆಯಲ್ಲಿ ಭತ್ತ ತಿಂಗಳುಗಟ್ಟಲೆ ನೀರಲ್ಲೇ ನಿಂತಿರುತ್ತದಲ್ಲ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಭತ್ತದ ಕಾಂಡ ಮತ್ತು ಬೇರಿನ ಒಳಗೆ ಉದ್ದಕ್ಕೂ ಗಾಳಿ ಓಡಾಡುವ ಟೊಳ್ಳು ಜಾಗ ಇರುತ್ತದೆ. ಎಲೆಯಿಂದ ಬಂದ ಗಾಳಿ ಆ ದಾರಿಯಲ್ಲಿ ಬೇರಿನ ತುದಿವರೆಗೆ ಇಳಿಯುತ್ತದೆ. ಲೆಟ್ಯೂಸ್‌ಗಾಗಲಿ, ಪಾಲಕ್‌ಗಾಗಲಿ, ಟೊಮೆಟೊಗಾಗಲಿ ಅಂಥ ಏರ್ಪಾಡು ಇಲ್ಲ. ಅವುಗಳ ಬೇರಿಗೆ ಗಾಳಿ ನಾವೇ ಕೊಡಬೇಕು.

ಈಗ ಕಂದು ಬಣ್ಣದ ವಿಚಾರ. ಕಂದಾದ ಬೇರೆಲ್ಲ ಕೊಳೆತ ಬೇರಲ್ಲ. ಗೊಬ್ಬರದಲ್ಲಿರುವ ಕಬ್ಬಿಣದ ಬಣ್ಣವೂ ಬೇರಿಗೆ ಹತ್ತುತ್ತದೆ. ಅದರಲ್ಲೂ ಇಡಿಡಿಎಚ್‌ಎ ಅನ್ನುವ ಕಬ್ಬಿಣ ಬಳಸಿದರೆ ನೀರೇ ಕೆಂಪಾಗಿರುತ್ತದೆ, ಬೇರಿಗೂ ಕೆಂಪುಗಂದು ಛಾಯೆ ಬರುತ್ತದೆ. ಹಾಗಾಗಿ ಬರೀ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಕೈಯಲ್ಲಿ ಮುಟ್ಟಿ ನೋಡಿ. ಎರಡು ಬೆರಳಲ್ಲಿ ಬೇರನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿಯಾಗಿದ್ದು, ತುದಿ ಬೆಳ್ಳಗಿದ್ದು, ವಾಸನೆ ಇಲ್ಲದಿದ್ದರೆ ಅದು ಬರೀ ಬಣ್ಣ. ಲೋಳೆಲೋಳೆಯಾಗಿದ್ದು, ಎಳೆದಾಗ ಹೊರಗಿನ ಸಿಪ್ಪೆ ಕೈಗೆ ಬಂದು ಒಳಗಿನ ಸಣ್ಣ ದಾರ ಮಾತ್ರ ಉಳಿದರೆ, ಜೊತೆಗೆ ಚರಂಡಿ ವಾಸನೆ ಬಂದರೆ ಅದು ಪಿಥಿಯಂ ಅನ್ನುವ ಸೂಕ್ಷ್ಮಜೀವಿಯಿಂದ ಬರುವ ಕೊಳೆ.

ಈ ಪಿಥಿಯಂ ನಮ್ಮ ಕಡೆಗೆ ಹೊಸದಲ್ಲ. ಎಚ್.ಡಿ. ಕೋಟೆ ಕಡೆ ಶುಂಠಿ ಗಡ್ಡೆ ಕೊಳೆಸುವುದರಲ್ಲಿ, ಹುಣಸೂರು ಕಡೆ ಹೊಗೆಸೊಪ್ಪಿನ ಸಸಿಮಡಿಯಲ್ಲಿ ಸಸಿ ಬುಡ ಕೊಳೆತು ಮಲಗುವುದರಲ್ಲಿ ಇದೇ ಕುಲದ ಕೈವಾಡ ಇದೆ. ನೋಡಲು ಶಿಲೀಂಧ್ರದ ಹಾಗೆ ಇದ್ದರೂ ಇದು ನಿಜವಾದ ಶಿಲೀಂಧ್ರ ಅಲ್ಲ, ಕೆಲವು ಜಾತಿಯ ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದರ ಬೀಜಾಣುಗಳಿಗೆ ಬಾಲ ಇರುತ್ತದೆ, ನೀರಲ್ಲಿ ಈಜುತ್ತವೆ. ಒಂದೇ ಟ್ಯಾಂಕಿನ ನೀರು ಎಲ್ಲ ಗಿಡಕ್ಕೂ ಸುತ್ತುವ ಪೈಪಿನಲ್ಲಿ ಅದಕ್ಕೆ ದಾರಿ ನಾವೇ ಮಾಡಿಕೊಟ್ಟ ಹಾಗೆ. ಬಿಸಿ ನೀರು, ಗಾಳಿ ಕಡಿಮೆ ಇರುವ ನೀರು, ಸುಸ್ತಾದ ಬೇರು: ಇವು ಮೂರೂ ಸೇರಿದಾಗ ಅದು ಹಬ್ಬುತ್ತದೆ.

ಹಾಗಾದರೆ ನೀರನ್ನು ತಂಪು ಮಾಡುವುದು ಹೇಗೆ? 18ರಿಂದ 22 ಡಿಗ್ರಿ ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ಅಷ್ಟು ಇಳಿಸುವುದು ಕಷ್ಟ, 25–26ರಲ್ಲಿ ನಿಲ್ಲಿಸಿದರೂ ಗಿಡ ಉಳಿಯುತ್ತದೆ. ಟ್ಯಾಂಕ್ ಬಿಸಿಲಲ್ಲಿದ್ದರೆ ಇವತ್ತೇ ನೆರಳಿಗೆ ತನ್ನಿ. ಕಪ್ಪು ಟ್ಯಾಂಕ್ ಆಗಿದ್ದರೆ ಸುತ್ತ ಥರ್ಮಾಕೋಲ್ ಹಾಳೆ ಕಟ್ಟಿ ಮೇಲೆ ಬಿಳಿ ಬಟ್ಟೆ ಸುತ್ತಿ. ಸಾಧ್ಯವಾದರೆ ದೊಡ್ಡ ಟ್ಯಾಂಕ್ ಇಡಿ. 50 ಲೀಟರ್ ನೀರು ಬೇಗ ಕಾಯುತ್ತದೆ, 300 ಲೀಟರ್ ಅಷ್ಟು ಬೇಗ ಕಾಯುವುದಿಲ್ಲ. ನಾನು ನನ್ನ ಟ್ಯಾಂಕನ್ನು ನೆಲದಲ್ಲಿ ಹೂತಿದ್ದೇನೆ. ತಾರಸಿಯಲ್ಲಿ ಅದು ಆಗದ ಮಾತು. ಆದರೆ ಕೆಲವರು ಟ್ಯಾಂಕನ್ನು ಮೆಟ್ಟಿಲ ಕೆಳಗೆ ಇಟ್ಟು ಪಂಪಿನಿಂದ ಮೇಲಕ್ಕೆ ಎತ್ತುತ್ತಾರೆ, ಆ ದಾರಿ ನೋಡಬಹುದು. ಪೈಪಿಗೆ ಬಿಳಿ ಬಣ್ಣ ಹೊಡೆಯಿರಿ. ಸುಣ್ಣ ಬಳಿದರೆ ಮಳೆಗೆ ತೊಳೆದು ಹೋಗುತ್ತದೆ, ಹೊರಗೋಡೆಗೆ ಹೊಡೆಯುವ ಬಣ್ಣವೇ ಇರಲಿ. ಮೇಲೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಚಿಕ್ಕ ಟ್ಯಾಂಕ್ ಆದರೆ ಫ್ರಿಜ್‌ನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿಯನ್ನು ಮಧ್ಯಾಹ್ನ ಇಳಿಬಿಡಬಹುದು. ಮುಚ್ಚಳ ಬಿಗಿಯಾಗಿರಲಿ, ಕರಗಿದ ನೀರು ಗೊಬ್ಬರದ ನೀರಿಗೆ ಸೇರಬಾರದು. ಟ್ಯಾಂಕಿನಲ್ಲಿ ಏರ್ ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ಕಲ್ಲು) ಹಗಲು ರಾತ್ರಿ ಓಡಲಿ. ವಾಪಸ್ ಬರುವ ನೀರು ಒಂದು ಅಡಿ ಮೇಲಿಂದ ಬೀಳಲಿ. ಬೀಳುವಾಗ ಗಾಳಿ ಬೆರೆಯುತ್ತದೆ, ಖರ್ಚೂ ಇಲ್ಲ.

ಪೈಪಿನ ಓಟವನ್ನೂ ನೋಡಿ. ಎನ್‌ಎಫ್‌ಟಿಯಲ್ಲಿ ನೀರು ತೆಳು ಪದರವಾಗಿ ತಳದಲ್ಲಿ ಹರಿಯಬೇಕು. ಬೇರಿನ ಕೆಳಭಾಗ ನೀರಲ್ಲಿ, ಮೇಲ್ಭಾಗ ತೇವದ ಗಾಳಿಯಲ್ಲಿ ಇರಬೇಕು. ಮನೆಯಲ್ಲೇ ಜೋಡಿಸಿದ ಪಿವಿಸಿ ಪೈಪುಗಳಲ್ಲಿ ನಾನು ಪದೇ ಪದೇ ಕಾಣುವ ತೊಂದರೆ ಎಂದರೆ, ಕೊನೆಯ ಮುಚ್ಚಳದ ನಡುವೆ ತೂತು ಕೊರೆದಿರುತ್ತಾರೆ. ಆಗ ಅರ್ಧ ಪೈಪ್ ನೀರು ನಿಂತೇ ಇರುತ್ತದೆ. ಅದು ಎನ್‌ಎಫ್‌ಟಿ ಅಲ್ಲ, ಉದ್ದನೆಯ ಕೊಳ. ತೂತು ತಳದಲ್ಲಿರಲಿ, ಮೂರು ಅಡಿಗೆ ಒಂದು ಇಂಚಿನ ಇಳಿಜಾರು ಇರಲಿ, ಒಂದು ಪೈಪಿಗೆ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಸಾಕು. ಕರೆಂಟ್ ಹೋದಾಗ ಮಾತ್ರ ತೆಳು ಪದರದ ಪೈಪಿನಲ್ಲಿ ಬೇರು ಬೇಗ ಒಣಗುತ್ತದೆ. ಚಿಕ್ಕ ಡಿಸಿ ಪಂಪನ್ನು ಬ್ಯಾಟರಿಗೆ ಹಾಕಿಡಿ. ಕರೆಂಟಿನ ಭಯಕ್ಕೆ ನೀರು ನಿಲ್ಲಿಸಿಟ್ಟುಕೊಳ್ಳುವುದು ಬೇಡ.

ಇನ್ನು ನಿಮ್ಮ ರಾಕ್‌ವೂಲ್. ಬಸಾಲ್ಟ್ ಕಲ್ಲನ್ನು ಸುಮಾರು 1500 ಡಿಗ್ರಿಯಲ್ಲಿ ಕರಗಿಸಿ ನೂಲಾಗಿ ಎಳೆದು ಮಾಡುವ ವಸ್ತು ಇದು. ಗಿಡಕ್ಕೆ ಬಳಸುವುದನ್ನು 1969ರ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಶುರು ಮಾಡಿದರು, ಆಮೇಲೆ ಹಾಲೆಂಡಿನ ಗಾಜಿನ ಮನೆಗಳಲ್ಲಿ ಹಬ್ಬಿತು. ಎನ್‌ಎಫ್‌ಟಿಯನ್ನು ರೂಢಿಗೆ ತಂದ ಅಲೆನ್ ಕೂಪರ್ ಇಂಗ್ಲೆಂಡಿನವರು. ಎರಡೂ ಚಳಿ ದೇಶದಲ್ಲಿ ಹುಟ್ಟಿದ ಪದ್ಧತಿ. ಅಲ್ಲಿ ಚಳಿಗಾಲದಲ್ಲಿ ಬೇರನ್ನು ಬೆಚ್ಚಗಿಡುವುದೇ ಕೆಲಸ. ನಮಗೆ ತಂಪಾಗಿಡುವುದು ಕೆಲಸ. ಅಲ್ಲಿನ ವಿಡಿಯೋ ನೋಡಿ ಅದೇ ಸಮಯ, ಅದೇ ಅಳತೆ ಇಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ.

ರಾಕ್‌ವೂಲ್ ನೆನೆದು ಬಸಿದ ಮೇಲೂ ಅದರಲ್ಲಿ ಸುಮಾರು 80 ಪಾಲು ನೀರು, 15 ಪಾಲು ಗಾಳಿ ಇರುತ್ತದೆ. ಆ 15 ಪಾಲನ್ನು ಕಾಪಾಡಿಕೊಳ್ಳಬೇಕು. ನಿಮ್ಮ ಕ್ಯೂಬ್ ನೀರಿನ ಪದರದ ಮೇಲೆ ಕೂತಿದ್ದರೆ ತಳದಿಂದ ನೀರು ಹೀರುತ್ತಾ ಯಾವಾಗಲೂ ತುಂಬಿಕೊಂಡೇ ಇರುತ್ತದೆ. ಗಿಡದ ಬುಡ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಬೇರು ನೆಟ್ ಪಾಟಿನಿಂದ (ಕ್ಯೂಬ್ ಕೂರಿಸಿದ ಜಾಲರಿ ಕುಂಡದಿಂದ) ಎರಡು ಇಂಚು ಕೆಳಗೆ ಇಳಿದ ಮೇಲೆ ಕ್ಯೂಬಿಗೆ ನೀರು ತಾಕಬೇಕಾಗಿಲ್ಲ. ಪಾಟನ್ನು ಸ್ವಲ್ಪ ಎತ್ತರಿಸಿ. ಕ್ಯೂಬಿನ ಮೇಲ್ಮೈ ಒಣಗಿರಲಿ. ಹಸಿರು ಪಾಚಿ ಕಟ್ಟಿದ್ದರೆ ಅದು ಸದಾ ಒದ್ದೆಯಾಗಿದೆ ಅಂತ ಅರ್ಥ. ಆ ಪಾಚಿಗೆ ಸಣ್ಣ ಕಪ್ಪು ನೊಣ ಬಂದು ಮೊಟ್ಟೆ ಇಡುತ್ತದೆ, ಅದರ ಹುಳು ಎಳೆ ಬೇರು ತಿನ್ನುತ್ತದೆ. ಕಪ್ಪು-ಬಿಳಿ ಪ್ಲಾಸ್ಟಿಕ್ ಚೂರಿನಿಂದ, ಬಿಳಿ ಮೇಲೆ ಬರುವಂತೆ, ಮುಚ್ಚಿ.

ಮುಂದಿನ ಸಲ ಸಸಿ ಮಾಡುವಾಗ ಕ್ಯೂಬನ್ನು ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5 ಮಾಡಿದ ನೀರಲ್ಲಿ ನೆನೆಸಿ. ಹೊಸ ರಾಕ್‌ವೂಲ್ ಕ್ಷಾರ, ಹಾಗೇ ಬಳಸಿದರೆ ಪಿಎಚ್ ಮೇಲೇರುತ್ತದೆ. 5ಕ್ಕಿಂತ ಕೆಳಗೆ ಇಳಿಸಬೇಡಿ, ನಾರು ಹಾಳಾಗುತ್ತದೆ. ನೆನೆಸಿದ ಮೇಲೆ ಕೈಯಲ್ಲಿ ಹಿಂಡಬೇಡಿ. ಹಿಂಡಿದರೆ ಒಳಗಿನ ಗಾಳಿ ಜಾಗ ಕುಸಿಯುತ್ತದೆ, ಮತ್ತೆ ಎದ್ದು ಬರುವುದಿಲ್ಲ. ಒಂದು ಸಲ ಒದರಿದರೆ ಸಾಕು. ಆಮೇಲೆ ಕೈಯಲ್ಲಿ ಎತ್ತಿ ಭಾರ ನೋಡಿ ನೀರು ಕೊಡಿ, ಗಡಿಯಾರ ನೋಡಿ ಅಲ್ಲ. ಸ್ವಲ್ಪ ಹಗುರಾದಾಗ ಕೊಟ್ಟರೆ ನೀರು ಹುಡುಕಿಕೊಂಡು ಬೇರು ಕೆಳಗಿಳಿಯುತ್ತದೆ. ತಳದಲ್ಲಿ ಬಿಳಿ ಬೇರು ಕಂಡಾಗ ಪೈಪಿಗೆ ಹಾಕಿ, ಅದಕ್ಕೆ ಮುಂಚೆ ಬೇಡ. ಒಣ ರಾಕ್‌ವೂಲ್ ಮುಟ್ಟುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಚರ್ಮ ತುರಿಸುತ್ತದೆ, ಪುಡಿ ಗಂಟಲಿಗೂ ಹೋಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ: ಬೆಳೆ ತೆಗೆದ ಮೇಲೆ ಪೈಪ್, ಟ್ಯಾಂಕ್ ತೊಳೆಯಲು ಅದು ಒಳ್ಳೆಯದು. ಗಿಡ ಇರುವಾಗ ಸುರಿಯುವುದು ನನಗೆ ಇಷ್ಟವಿಲ್ಲ. ಅದು ಕೆಟ್ಟದ್ದರ ಜೊತೆ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ, ಬಹಳ ಬೇಗ ಒಡೆದು ನೀರಾಗುತ್ತದೆ. ನೀರು ಬಿಸಿಯಾಗೇ ಇದ್ದರೆ ಪಿಥಿಯಂ ವಾಪಸ್ ಬರುತ್ತದೆ, ಆಗ ತಡೆಯಲು ಯಾರೂ ಇರುವುದಿಲ್ಲ. ಅದರ ಬದಲು ಬ್ಯಾಸಿಲಸ್ ಸಬ್ಟಿಲಿಸ್ ಅಥವಾ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಬಳಸಿ. ಪುಡಿ ರೂಪದ್ದು ಬೇಡ, ಅದರ ಟಾಲ್ಕ್ ಪಂಪಿನಲ್ಲಿ ಕಟ್ಟಿಕೊಳ್ಳುತ್ತದೆ. ದ್ರವ ರೂಪದ್ದು ಕೇಳಿ ತನ್ನಿ. ಶುಂಠಿ ಕೊಳೆಗೆ ಹಾಕುವ ಔಷಧಿಯನ್ನಂತೂ ಹಸಿಯಾಗಿ ತಿನ್ನುವ ಸೊಪ್ಪಿನ ಟ್ಯಾಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ.

ಬೇರು ಕತ್ತರಿಸುವುದು? ಸತ್ತು ಲೋಳೆಯಾದ ಎಳೆಗಳನ್ನು ಮಾತ್ರ ತೆಗೆಯಿರಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಗಟ್ಟಿ ಬೇರಿಗೆ ಕೈ ಹಾಕಬೇಡಿ, ಗಾಯವಾದ ಜಾಗವೇ ಪಿಥಿಯಂಗೆ ಬಾಗಿಲು. ಪುದೀನ ಮಾತ್ರ ಬೇರೆ. ಅದರ ಬೇರು ಪೈಪನ್ನೇ ತುಂಬಿಬಿಡುತ್ತದೆ, ಆಗಾಗ ಕತ್ತರಿಸಲೇಬೇಕು, ಅದಕ್ಕೆ ಏನೂ ಆಗುವುದಿಲ್ಲ.

ಟೊಮೆಟೊವನ್ನು ಈ ಪೈಪಿನಲ್ಲಿ ಹಾಕಬೇಡಿ. ಅದರ ಬೇರು ಚಾಪೆ ಹೆಣೆದ ಹಾಗೆ ಪೈಪನ್ನು ಕಟ್ಟಿ ನೀರನ್ನು ಹಿಂದಕ್ಕೆ ನಿಲ್ಲಿಸುತ್ತದೆ. ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿಗೆ ಬಕೆಟ್ ಅಥವಾ ಗ್ರೋ ಬ್ಯಾಗ್ ಸರಿ. ಅದಕ್ಕೆ ರಾಕ್‌ವೂಲ್ ಸ್ಲ್ಯಾಬ್ ತರಿಸುವ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ತೆಂಗಿನ ನಾಡಿನಲ್ಲಿದ್ದೇವೆ, ಪಕ್ಕದ ತಿಪಟೂರು, ಅರಸೀಕೆರೆ ಕಡೆಯಿಂದಲೇ ಸಿಗುತ್ತದೆ. ಬಳಸಿದ ಮೇಲೆ ತೋಟಕ್ಕೆ ಹಾಕಿದರೆ ಮಣ್ಣಾಗುತ್ತದೆ. ರಾಕ್‌ವೂಲ್ ಕೊಳೆಯುವುದೇ ಇಲ್ಲ. ಕೋಕೋಪೀಟ್‌ಗೆ ಕೆಲಸ ಒಂದಿದೆ: ಅದರಲ್ಲಿ ಉಪ್ಪಿನಂಶ ಇರುತ್ತದೆ. ತೊಳೆದ ನೀರಿನ ಇ.ಸಿ. (ನೀರಲ್ಲಿ ಕರಗಿದ ಉಪ್ಪು, ಗೊಬ್ಬರದ ಅಳತೆ, mS/cm ಲೆಕ್ಕದಲ್ಲಿ) 1ಕ್ಕಿಂತ ಕೆಳಗೆ ಬರುವವರೆಗೆ ತೊಳೆದು, ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ಒಂದು ರಾತ್ರಿ ನೆನೆಸಿಡಿ. ಇಲ್ಲದಿದ್ದರೆ ಅದು ನೀವು ಕೊಟ್ಟ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಟೊಮೆಟೊ ತಳ ಕಪ್ಪಾಗುತ್ತದೆ. ಬಿಸಿಲೇರಿದ ಮೇಲೆ ನೀರು ಶುರು ಮಾಡಿ, ಸೂರ್ಯ ಮುಳುಗುವ ಒಂದೆರಡು ಗಂಟೆ ಮೊದಲು ನಿಲ್ಲಿಸಿ. ಕೊಟ್ಟ ನೀರಿನಲ್ಲಿ ಐದನೇ ಒಂದು ಭಾಗ ಕೆಳಗೆ ಬಸಿದು ಹೋಗಲಿ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಲ್ಲಿ ಪಿಎಚ್ ಎಷ್ಟು ಇಳಿಸಿದರೂ ಮತ್ತೆ ಏರುತ್ತದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಈ ವಾರ ಮಾಡಬೇಕಾದ್ದು: ಲೋಳೆಯಾದ ಗಿಡಗಳನ್ನು ಕಿತ್ತು ತಾರಸಿಯಿಂದಲೇ ಆಚೆ ಹಾಕಿ. ಬಿಳಿ ತುದಿ ಇರುವವನ್ನು ಉಳಿಸಿಕೊಳ್ಳಿ. ಸಂಜೆ ಹೊತ್ತು ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿ, ಇ.ಸಿ. 0.8ರಿಂದ 1ರ ಒಳಗೆ, ಪಿಎಚ್ 6ರ ಹತ್ತಿರ ಇಡಿ. ಬೇಸಿಗೆಯಲ್ಲಿ ಗಿಡ ನೀರನ್ನೇ ಜಾಸ್ತಿ ಕುಡಿಯುತ್ತದೆ, ಗೊಬ್ಬರ ಉಳಿದು ಗಟ್ಟಿಯಾಗುತ್ತದೆ. ಅದಕ್ಕೇ ತೆಳುವಾಗಿ ಶುರು ಮಾಡುವುದು. ನೀರು ತಂಪಾದರೆ ಒಂದು ವಾರ, ಹತ್ತು ದಿನದಲ್ಲಿ ಹೊಸ ಬಿಳಿ ಬೇರು ಕಾಣಬೇಕು. ಕಾಣದಿದ್ದರೆ ಬೆಳೆ ತೆಗೆದು ಎಲ್ಲ ತೊಳೆದು ಒಣಗಿಸಿ. ಲೆಟ್ಯೂಸನ್ನು ಮುಂಗಾರು ಹಿಡಿದ ಮೇಲೆ ಹಾಕೋಣ. ಅಲ್ಲಿಯವರೆಗೆ ಬಸಳೆ, ಹರಿವೆ ಬೆಳೆಯಿರಿ, ಅವು ಬಿಸಿ ತಡೆಯುತ್ತವೆ. ಪಂಪಿನ ಗೋಜೇ ಬೇಡ ಅನ್ನಿಸಿದರೆ ಹವಾಯಿ ವಿಶ್ವವಿದ್ಯಾಲಯದ ಕ್ರ್ಯಾಟ್ಕಿ ತೋರಿಸಿದ ಪದ್ಧತಿ ನೋಡಿ. ಮುಚ್ಚಿದ ಡಬ್ಬದಲ್ಲಿ ನೀರು ನಿಂತೇ ಇರುತ್ತದೆ, ಗಿಡ ಕುಡಿದ ಹಾಗೆ ಮಟ್ಟ ಇಳಿಯುತ್ತದೆ, ಇಳಿದ ಜಾಗದಲ್ಲಿ ಗಾಳಿಗೆಂದೇ ಬೇರುಗಳು ಹುಟ್ಟುತ್ತವೆ. ನೀರು ಕಡಿಮೆಯಾಯಿತು ಅಂತ ಮತ್ತೆ ಮೇಲಿನವರೆಗೆ ತುಂಬಿಸಿದರೆ ಆ ಬೇರುಗಳು ಮುಳುಗಿ ಸಾಯುತ್ತವೆ. ಡಬ್ಬದಲ್ಲಿ ಕಾಲು ಭಾಗ ನೀರು ಉಳಿದಿರುವ ಹಾಗೆ ನೋಡಿಕೊಂಡರೆ ಸಾಕು.