ಅಮೆರಿಕದ ಕೋರ್ಟಿನಲ್ಲಿ ‘ನಾಟ್ ಗಿಲ್ಟಿ’ ಎಂದರೆ ಸುಳ್ಳು ಹೇಳಿದಂತಾಗುತ್ತದೆಯೇ?

ನೀವು ಕೇಳಿದ್ದು: ಹ್ಯೂಸ್ಟನ್‌ನಲ್ಲಿ ಎಂ.ಎಸ್. ಓದುತ್ತಿರುವ ನನ್ನ ತಮ್ಮ, ಅಂಗಡಿಯೊಂದರಲ್ಲಿ ಗ್ರಾಹಕರೇ ಸ್ಕ್ಯಾನ್ ಮಾಡಿ ಹಣ ಕಟ್ಟುವ ಸೆಲ್ಫ್ ಚೆಕ್‌ಔಟ್‌ನಲ್ಲಿ 140 ಡಾಲರ್ ಸಾಮಾನು ಸ್ಕ್ಯಾನ್ ಮಾಡದೆ ಹೊರಬಂದು ಅರೆಸ್ಟ್ ಆದ. ಈಗ ಜಾಮೀನಿನ ಮೇಲಿದ್ದಾನೆ, ಮುಂದಿನ ವಾರ ಕೋರ್ಟು. ತಪ್ಪೊಪ್ಪಿ ದಂಡ ಕಟ್ಟಿ ಮುಗಿಸಬಹುದೇ, ‘ನಾಟ್ ಗಿಲ್ಟಿ’ (ತಪ್ಪಿತಸ್ಥನಲ್ಲ) ಅಂದರೆ ಜಡ್ಜ್ ಮುಂದೆ ಸುಳ್ಳು ಹೇಳಿದ ಹಾಗಲ್ಲವೇ?

ಅಲ್ಲ. ಅದು ಪ್ರಮಾಣ ಮಾಡಿ ಕೊಡುವ ಸಾಕ್ಷ್ಯವಲ್ಲ. ‘ಆರೋಪ ಹೊರಿಸಿದವರು ನೀವು, ಸಾಬೀತು ಮಾಡಿ’ ಎಂದಷ್ಟೇ ಅದರ ಅರ್ಥ. ಮೊದಲ ವಾಯಿದೆಯಲ್ಲಿ ವಕೀಲರು ಕೇಸಿನ ಕಾಗದಗಳನ್ನೇ ಪೂರ್ತಿ ನೋಡಿರುವುದಿಲ್ಲ. ಆ ಹಂತದಲ್ಲಿ ಒಪ್ಪಿಕೊಂಡುಬಿಡುವುದು ಕಣ್ಣು ಮುಚ್ಚಿ ಸಹಿ ಹಾಕಿದಂತೆ.

ಸಾಬೀತು ಮಾಡಬೇಕಾದವರು ಯಾರು ಅಂದರೆ ಅಂಗಡಿಯವರಲ್ಲ, ಸರ್ಕಾರಿ ವಕೀಲರು. ಕೇಸಿನ ಹೆಸರೇ ‘ಸ್ಟೇಟ್ ಆಫ್ ಟೆಕ್ಸಸ್’ ವಿರುದ್ಧ ನಿಮ್ಮ ತಮ್ಮ. ಅಂಗಡಿಯವರು ಬರೀ ಸಾಕ್ಷಿ. ಹಾಗಾಗಿ ಮ್ಯಾನೇಜರ್ ಹತ್ತಿರ ಹೋಗಿ ಕ್ಷಮೆ ಕೇಳಿ ಕೇಸು ವಾಪಸ್ ತೆಗೆಸುವ ಪ್ರಯತ್ನ ಬೇಡ. ಆ ಅಧಿಕಾರ ಅವರಿಗಿಲ್ಲ, ಅಲ್ಲಿ ಆಡಿದ ಮಾತೇ ತಪ್ಪೊಪ್ಪಿಗೆಯಾಗಿ ಕೋರ್ಟಿಗೆ ಬರಬಹುದು. ಅಂಗಡಿಯ ಪರವಾಗಿ ‘ಇಷ್ಟು ಡಾಲರ್ ಕಟ್ಟಿ’ ಎಂಬ ಪತ್ರವೂ ಬರಬಹುದು. ಅದು ಸಿವಿಲ್ ಬಾಬತ್ತು. ಕಟ್ಟಿದರೂ ಕ್ರಿಮಿನಲ್ ಕೇಸು ಹಾಗೇ ಇರುತ್ತದೆ. ಯಾವ ಆರೋಪ ಹೊರಿಸಬೇಕು, ಯಾವುದನ್ನು ಕೈಬಿಡಬೇಕು, ಏನು ರಾಜಿಗೆ ಒಪ್ಪಬೇಕು ಎಂದು ತೀರ್ಮಾನಿಸುವುದು ಡಿಎ, ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿ. ಡಿಎ ಅಲ್ಲಿ ಜನರ ಓಟಿನಿಂದ ಆರಿಸಿ ಬರುವವರು. ದಿನನಿತ್ಯ ಕೋರ್ಟಿನಲ್ಲಿ ನಿಲ್ಲುವುದು ಅವರ ಸಹಾಯಕ ವಕೀಲರು.

ಟೆಕ್ಸಸ್ ಕಾನೂನಿನಲ್ಲಿ 100 ಡಾಲರ್‌ನಿಂದ 750ರೊಳಗಿನ ಕಳ್ಳತನ ‘ಕ್ಲಾಸ್ ಬಿ ಮಿಸ್‌ಡಿಮೀನರ್’. ಅಂದರೆ ಸಣ್ಣ ದರ್ಜೆಯ ಅಪರಾಧ; ಹೆಚ್ಚೆಂದರೆ 180 ದಿನ ಜೈಲು, 2,000 ಡಾಲರ್ ದಂಡ. ಸಾಮಾನ್ಯವಾಗಿ 2,500 ಅಥವಾ ಅದಕ್ಕಿಂತ ಹೆಚ್ಚಾದರೆ ಫೆಲೊನಿ, ಅಂದರೆ ಗಂಭೀರ ಅಪರಾಧ. ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅಂದರೆ ಗ್ರ್ಯಾಂಡ್ ಜ್ಯೂರಿ, ಇರುವುದು ಫೆಲೊನಿಗೆ, ನಿಮಗೆ ಅದರ ಚಿಂತೆಯಿಲ್ಲ. ವಿಚಾರಣೆವರೆಗೆ ಹೋದರೆ ಈ ದರ್ಜೆಯ ಕೇಸಿಗೆ ತೀರ್ಪು ಕೊಡುವ 6 ಜನ ನಾಗರಿಕರ ಜ್ಯೂರಿ, ಆರೂ ಜನ ಒಮ್ಮತಕ್ಕೆ ಬರಬೇಕು. ಮರೆತು ಸ್ಕ್ಯಾನ್ ಆಗದಿದ್ದರೆ ಅದು ಕಳ್ಳತನವಲ್ಲ. ಕದಿಯುವ ಉದ್ದೇಶವಿತ್ತೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಅದಕ್ಕೇ ಕ್ಯಾಮೆರಾ ದೃಶ್ಯ ಮುಖ್ಯ. ಬಾರ್‌ಕೋಡ್ ಮೇಲೆ ಬೆರಳಿಟ್ಟು ಸಾಮಾನು ದಾಟಿಸಿದನೋ, ಫೋನಿನಲ್ಲಿ ಮಾತಾಡುತ್ತಾ ಬುಟ್ಟಿಯ ತಳದಲ್ಲಿದ್ದದ್ದನ್ನು ಬಿಟ್ಟನೋ, ಇಡೀ ಕೇಸು ಆ ಕೆಲವು ಸೆಕೆಂಡುಗಳ ಮೇಲೆ ನಿಲ್ಲಬಹುದು. ಆರೋಪಿಗೆ ಅನುಕೂಲವಾದ ಪುರಾವೆಯನ್ನು ಸರ್ಕಾರಿ ವಕೀಲರು ಮುಚ್ಚಿಡುವಂತಿಲ್ಲ ಎಂದು 1963ರಲ್ಲೇ ಬ್ರೇಡಿ ಕೇಸಿನ ತೀರ್ಪು ಹೇಳಿದೆ. ಆ ವಿಡಿಯೋವನ್ನು ನಿಮ್ಮ ತಮ್ಮನ ವಕೀಲರು ಬೇಗ ಬರವಣಿಗೆಯಲ್ಲೇ ಕೇಳಲಿ.

ವಾಸ್ತವದಲ್ಲಿ ಬಹುಪಾಲು ಕೇಸುಗಳು ಜ್ಯೂರಿವರೆಗೆ ಹೋಗುವುದೇ ಇಲ್ಲ. ರಾಜ್ಯ ಕೋರ್ಟುಗಳ ಶಿಕ್ಷೆಗಳಲ್ಲಿ 94 ಪ್ರತಿಶತ ತಪ್ಪೊಪ್ಪಿಗೆಯಿಂದ ಬಂದವೆಂದು 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬರೆಯಿತು. ನಿಮ್ಮ ತಮ್ಮನಿಗೂ ರಾಜಿ ಪ್ರಸ್ತಾಪ ಬರುತ್ತದೆ. ನನಗೆ ನಿಜವಾಗಿ ಭಯವಿರುವುದು ಇಲ್ಲೇ.

‘ಡಿಫರ್ಡ್ ಅಡ್ಜುಡಿಕೇಶನ್’ ಎಂದು ಹೇಳಬಹುದು: ತಪ್ಪೊಪ್ಪಿಕೊ, ಕೆಲವು ತಿಂಗಳು ಷರತ್ತು ಪಾಲಿಸು, ಕೇಸು ವಜಾ. ಟೆಕ್ಸಸ್ ಲೆಕ್ಕದಲ್ಲಿ ಅದು ಶಿಕ್ಷೆಯಲ್ಲ. ವಲಸೆ ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆಯೇ! ತಪ್ಪೊಪ್ಪಿಗೆ ಜೊತೆಗೆ ಕೋರ್ಟು ಯಾವುದಾದರೂ ನಿರ್ಬಂಧ ಹಾಕಿದ್ದರೆ ಸಾಕು, ಮುಂದೆ ವಜಾ ಆದರೂ ಅಳಿಸಿಹೋಗುವುದಿಲ್ಲ. ‘ನೋ ಕಾಂಟೆಸ್ಟ್’ (ತಪ್ಪು ಒಪ್ಪುವುದಿಲ್ಲ, ಆದರೆ ಆರೋಪವನ್ನು ಪ್ರಶ್ನಿಸುವುದೂ ಇಲ್ಲ) ಎಂದರೂ ಅಷ್ಟೇ. ಕಳ್ಳತನವನ್ನು ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ನೈತಿಕ ಅಧಃಪತನದ ಅಪರಾಧವೆಂದೇ ನೋಡುವುದರಿಂದ ಸ್ಟೂಡೆಂಟ್ ವೀಸಾದಲ್ಲಿ (ಎಫ್-1) ಇರುವವನಿಗೆ ದಂಡಕ್ಕಿಂತ ಇದು ದೊಡ್ಡ ಪೆಟ್ಟು. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳದೆಯೇ ಷರತ್ತು ಪಾಲಿಸಿ ಕೇಸು ಕೈಬಿಡಿಸಿಕೊಳ್ಳುವ ‘ಪ್ರೀಟ್ರಯಲ್ ಡೈವರ್ಶನ್’ ಸಿಕ್ಕರೆ ಎಷ್ಟೋ ಮೇಲು, ಆದರೆ ಅದರ ಒಪ್ಪಂದದಲ್ಲಿ ‘ನಾನು ಕದ್ದೆ’ ಎಂಬ ಸಾಲು ಇದೆಯೇ ಎಂದು ಸಹಿಗೆ ಮುಂಚೆ ಓದಲೇಬೇಕು.

ತಪ್ಪೊಪ್ಪಿದರೆ ಗಡೀಪಾರಿನ ಅಪಾಯವಿದೆಯೇ ಎಂದು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ; 2010ರ ಪಡಿಲ್ಲಾ ತೀರ್ಪು ಅದನ್ನು ಹೇಳುತ್ತದೆ. ಆದರೂ ವಕೀಲರು ತಾವಾಗಿ ಕೇಳಲಿ ಎಂದು ಕಾಯಬೇಡಿ. ‘ನಾನು ಎಫ್-1 ವೀಸಾದಲ್ಲಿದ್ದೇನೆ, ವಲಸೆ ವಕೀಲರ ಲಿಖಿತ ಅಭಿಪ್ರಾಯ ಬರುವವರೆಗೆ ಯಾವ ಪ್ರಸ್ತಾಪಕ್ಕೂ ಒಪ್ಪುವುದಿಲ್ಲ’ ಎಂದು ಅವನೇ ಮೊದಲ ಮಾತಾಗಿ ಹೇಳಲಿ. ಖಾಸಗಿ ವಕೀಲರಿಗೆ ಹಣವಿಲ್ಲದಿದ್ದರೆ ಕೋರ್ಟೇ ವಕೀಲರನ್ನು ನೇಮಿಸಲಿ ಎಂದು ಆದಾಯದ ವಿವರ ಬರೆದು ಅರ್ಜಿ ಕೊಡಬಹುದು. ಜೈಲಿನ ಸಾಧ್ಯತೆ ಇರುವ ಕೇಸಾದ್ದರಿಂದ ವಿದೇಶಿಯೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕೋರ್ಟು ನೇಮಿಸಿದವರು ಎಂದು ಹಗುರವಾಗಿ ಕಾಣಬೇಡಿ, ಅದೇ ಜಡ್ಜ್ ಮುಂದೆ ಅದೇ ಸರ್ಕಾರಿ ವಕೀಲರ ಜೊತೆ ದಿನವೂ ವ್ಯವಹರಿಸುವವರು ಅವರು.

ವಾಯಿದೆ ದಿನ ಗೈರಾದರೆ ವಾರಂಟ್ ಹೊರಡುತ್ತದೆ, ಜಾಮೀನೂ ಮುಟ್ಟುಗೋಲಾಗಬಹುದು. ಸೆಮಿಸ್ಟರ್ ಪರೀಕ್ಷೆ ಅದೇ ದಿನ ಇದ್ದರೆ ವಕೀಲರ ಮೂಲಕ ಮುಂಚೆಯೇ ದಿನಾಂಕ ಬದಲಿಸಿಕೊಳ್ಳಬೇಕು. ಕೇಸು ಮುಗಿಯದೆ ಊರಿಗೆ ಬರುವ ಟಿಕೆಟ್ ಮಾಡಿಸಬೇಡಿ. ಜಾಮೀನಿನ ಷರತ್ತು ಅಡ್ಡಬರಬಹುದು, ವೀಸಾ ಸ್ಟ್ಯಾಂಪಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಮುಂದಿನ ವಾಯಿದೆಗೆ ಹಾಜರಾಗಲು ಆಗುವುದಿಲ್ಲ.